ಕೈ-ಕಾಲು-ಬಾಯಿ ರೋಗವೋ, ಸೀತಾಳೆ ಸಿಡುಬೋ?

ಮಗುವಿನ ಮೈಮೇಲೆ ನೀರುಗುಳ್ಳೆ ಎದ್ದರೆ ದಾವಣಗೆರೆ ಕಡೆ ಮೊದಲ ಮಾತೇ 'ಅಮ್ಮ ಬಂದಿದೆ'. ಕೈ-ಕಾಲು-ಬಾಯಿ ರೋಗವೂ ಹಾಗೇ ಕಾಣಬಹುದು, ಅದರಲ್ಲೂ ಕಾಕ್ಸಾಕಿ ಎ6 ವೈರಸ್‌ನಿಂದ ಬಂದಾಗ.

ಗುಳ್ಳೆ ಎಲ್ಲಿದೆ ನೋಡಿ. ಸೀತಾಳೆ ಸಿಡುಬು ಎದೆ, ಬೆನ್ನು, ಮುಖದಲ್ಲಿ ಶುರುವಾಗಿ ತಲೆಗೂದಲೊಳಗೂ ಏಳುತ್ತದೆ. ಕೆಂಪು ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೇ ಇರುತ್ತವೆ, ತುರಿಕೆ ಜಾಸ್ತಿ. ಎ6 ಆದರೆ ಬಾಯಿ ಸುತ್ತ, ಕುಂಡಿ, ತೊಡೆ, ಮೊಣಕೈಗಳಲ್ಲಿ ಒತ್ತಾಗಿ ಏಳುತ್ತದೆ. ಕೆಲವೊಮ್ಮೆ ದೊಡ್ಡ ಬೊಬ್ಬೆಗಳೇ ಬರುತ್ತವೆ. ಮೊದಲೇ ಇಸುಬು ಇದ್ದ ಜಾಗದಲ್ಲಂತೂ ಗುಳ್ಳೆ ಕಿಕ್ಕಿರಿಯುತ್ತದೆ. ಬಾಯಿಹುಣ್ಣು ಇಲ್ಲವೆಂದ ಮಾತ್ರಕ್ಕೆ ಇದಲ್ಲ ಎನ್ನಲಾಗದು. ವಾಸಿಯಾದ ಮೇಲೆ ಅಂಗೈ ಸುಲಿಯಬಹುದು, ತಿಂಗಳು-ಎರಡು ತಿಂಗಳಲ್ಲಿ ಉಗುರೂ ಕಳಚಬಹುದು. ಗಾಬರಿ ಬೇಡ, ಹೊಸ ಉಗುರು ಬರುತ್ತದೆ.

ಜ್ವರಕ್ಕೆ ಎರಡರಲ್ಲೂ ಪ್ಯಾರಾಸಿಟಮಾಲ್: ಕೆ.ಜಿ.ಗೆ 15 ಮಿ.ಗ್ರಾಂ, 6 ಗಂಟೆ ಅಂತರ. 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ; ಸಿರಪ್‌ಗಳ ಸಾಂದ್ರತೆ ಬೇರೆಬೇರೆ, ಬಾಟಲಿ ಓದಿಯೇ ಅಳೆಯಿರಿ. ಸಿಡುಬಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಸಿಡುಬಿನ ವೈರಸ್‌ಗೆ ಕೊಡುವ ಅಸೈಕ್ಲೋವಿರ್ ಔಷಧಿ ಎ6ಗೆ ನಾಟುವುದೇ ಇಲ್ಲ. ಬಾಯಿಹುಣ್ಣಿಗೆ ಖಾರ ಮಂಡಕ್ಕಿ ದೂರವಿಡಿ, ತಣ್ಣನೆ ಗಂಜಿ ಕೊಡಿ.

ಸಿಡುಬಾದರೆ ಎಲ್ಲ ಗುಳ್ಳೆ ಹಕ್ಕಳೆಗಟ್ಟುವವರೆಗೆ ಅಂಗನವಾಡಿಗೆ ಕಳಿಸಬೇಡಿ. ಎ6 ವೈರಸ್ ಮಲದಲ್ಲಿ ವಾರಗಟ್ಟಲೆ ಇರುತ್ತದೆ. ಸ್ಯಾನಿಟೈಸರ್ ನಂಬದೆ ಸೋಪು-ನೀರಲ್ಲೇ ಕೈ ತೊಳೆಯಿರಿ.

8 ಗಂಟೆ ಮೂತ್ರ ಇಲ್ಲ, ನಿದ್ದೆಯಲ್ಲಿ ಪದೇಪದೇ ಬೆಚ್ಚುವುದು, ನಡಿಗೆ ತೂರಾಡುವುದು, ಬಿಡದ ವಾಂತಿ: ಯಾವ ರೋಗವೆಂದು ಲೆಕ್ಕ ಹಾಕುತ್ತ ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ.