ಒಂದೇ ಟೇಪು, ನಾಲ್ಕು ಕೇಬಲ್ಲು

ಕಪಾಟಿನಲ್ಲಿ ಹದಿನೆಂಟು ಮಿನಿ ಡಿವಿ ಟೇಪುಗಳಿದ್ದವು, ಅಂದರೆ ಹಳೆಯ ಕ್ಯಾಮ್‌ಕಾರ್ಡರಿನ ಪುಟ್ಟ ವೀಡಿಯೊ ಕ್ಯಾಸೆಟ್ಟುಗಳು. ಕ್ಯಾಮ್‌ಕಾರ್ಡರ್ ಇನ್ನೂ ಗಟ್ಟಿಮುಟ್ಟಾಗಿತ್ತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವುದು ಹೇಗೆಂಬುದೇ ತಲೆನೋವು. ಕೊನೆಗೆ ಒಂದೇ ಟೇಪನ್ನು ನಾಲ್ಕು ದಾರಿಯಲ್ಲಿ ಇಳಿಸಿ ನೋಡಿದೆ. ಆ ಟೇಪಿನ ಕೊನೆಯಲ್ಲಿ ಮಗಳು ಚಪ್ಪಾಳೆ ತಟ್ಟುತ್ತಾಳೆ. ಅಂಗೈಗಳು ಕೂಡಿದ ಕ್ಷಣದಲ್ಲೇ ಸದ್ದು ಕೇಳುತ್ತದೆಯೇ ಎಂಬುದು ನನ್ನ ಅಳತೆಗೋಲು.

ಮೋಸ ಹೋದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ತುದಿಗೆ ನಾಲ್ಕು ಪಿನ್ನಿನ ಫೈರ್‌ವೈರ್ (ಇಂಥ ಕ್ಯಾಮ್‌ಕಾರ್ಡರಿನಿಂದ ವೀಡಿಯೊ ಇಳಿಸುವ ಹಳೆಯ ಬಗೆಯ ಕಿಂಡಿ), ಇನ್ನೊಂದು ತುದಿಗೆ ಯುಎಸ್‌ಬಿ ಇರುವ ಅಗ್ಗದ ಕೇಬಲ್ ತರಿಸಿದೆ. ಎರಡೂ ಕಡೆ ಸರಿಯಾಗಿ ಕೂತಿತು, ಆದರೆ ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ. ಯುಎಸ್‌ಬಿಯಲ್ಲಿ ಕಂಪ್ಯೂಟರೇ ಯಜಮಾನ. ಅದು ಕೇಳಿದಾಗಷ್ಟೇ ಉಳಿದ ಸಾಧನಗಳು ಬಾಯಿ ಬಿಡಬೇಕು. ಫೈರ್‌ವೈರ್‌ನಲ್ಲಿ ಎಲ್ಲರೂ ಸರೀಕರು. ಇವೆರಡರ ನಡುವೆ ಸಂಬಂಧ ಕುದುರಿಸಲು ದಲ್ಲಾಳಿಯಂತೆ ಒಂದು ಚಿಪ್ ಬೇಕು. ಈ ಕೇಬಲ್ಲಿನಲ್ಲಿ ಇದ್ದದ್ದು ಬರೀ ತಂತಿ. ಇದೇ ಜಾತಿಯ ಆರು ಪಿನ್ನಿನ ಕೇಬಲ್ಲನ್ನಂತೂ ಮುಟ್ಟಲೇಬೇಡಿ. ಆರು ಪಿನ್ನಿನ ಫೈರ್‌ವೈರ್‌ನಲ್ಲಿ 30 ವೋಲ್ಟ್‌ವರೆಗೂ ವಿದ್ಯುತ್ ಬರಬಹುದು. ಸಾಮಾನ್ಯ ಯುಎಸ್‌ಬಿ ಸಾಧನ ತಾಳಿಕೊಳ್ಳುವುದು 5 ವೋಲ್ಟ್.

ಕ್ಯಾಮ್‌ಕಾರ್ಡರಿನಲ್ಲೇ ಯುಎಸ್‌ಬಿ ಕಿಂಡಿ ಇದೆಯಲ್ಲ ಎಂದು ಅದನ್ನೂ ನೋಡಿದೆ. ಮೆಮೊರಿ ಕಾರ್ಡಿನ ಸ್ಥಿರಚಿತ್ರಗಳು ಬಂದವು, ಟೇಪಿನ ವೀಡಿಯೊ ಬರಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ಮೂರನೆಯದು ಹಳದಿ, ಬಿಳಿ, ಕೆಂಪು ಪ್ಲಗ್ಗುಗಳನ್ನು ಯುಎಸ್‌ಬಿಗೆ ಸೇರಿಸುವ ಕ್ಯಾಪ್ಚರ್ ಸ್ಟಿಕ್. ಇದು ಕೆಲಸ ಮಾಡಿತು, ಮತ್ತು ಮೊದಲ ಹತ್ತು ನಿಮಿಷ ನನಗೆ ತೃಪ್ತಿಯೇ ಆಗಿತ್ತು. ಆಮೇಲೆ ಕಣ್ಣು ಚುರುಕಾಯಿತು. ಮಗಳ ಕೆಂಪು ಫ್ರಾಕಿನ ಬಣ್ಣ ಅಂಚು ದಾಟಿ ಗೋಡೆಗೆ ಒಸರಿದಂತೆ ಕಾಣುತ್ತಿತ್ತು. ಟೇಪಿನಲ್ಲಿರುವುದು ಡಿಜಿಟಲ್ ದತ್ತಾಂಶ. ಕ್ಯಾಮ್‌ಕಾರ್ಡರ್ ಅದನ್ನು ಅನಲಾಗ್ ಮಾಡಿ ಕಳಿಸುತ್ತದೆ, ಸ್ಟಿಕ್ ಮತ್ತೆ ಡಿಜಿಟಲ್ ಮಾಡುತ್ತದೆ. ಅಕ್ಕಿಯನ್ನು ಹಿಟ್ಟು ಮಾಡಿ ಮತ್ತೆ ಅಕ್ಕಿಯಾಗಿಸಲು ಹೊರಟ ಹಾಗೆ. ಕೊನೆಯ ಚಪ್ಪಾಳೆಯ ಹೊತ್ತಿಗೆ ಕೈಗಳು ಕೂಡಿ ಬೇರೆಯಾದ ಮೇಲೆ ಸದ್ದು ಬಂತು. ಆದರೂ ಇದನ್ನು ಎಸೆದಿಲ್ಲ. ವಿಎಚ್‌ಎಸ್‌-ಸಿ, ಹೈ8ನಂಥ ಅನಲಾಗ್ ಟೇಪುಗಳಿಗೆ ಇಂಥದ್ದೇ ಬೇಕು. ಬಣ್ಣವನ್ನೂ ಬೆಳಕನ್ನೂ ಬೇರೆ ಬೇರೆ ತಂತಿಯಲ್ಲಿ ಕಳಿಸುವ ಎಸ್‌-ವೀಡಿಯೊ ಕಿಂಡಿ ಇದ್ದರೆ ಹಳದಿ ಪ್ಲಗ್ಗಿನ ಬದಲು ಅದನ್ನೇ ಬಳಸಿ.

ನಾಲ್ಕನೆಯದು ನೋಡಲು ರೈಲುಗಾಡಿ. ನಾಲ್ಕು ಪಿನ್ನಿನಿಂದ ಒಂಬತ್ತು ಪಿನ್ನಿಗೆ ಒಂದು ಫೈರ್‌ವೈರ್ ಕೇಬಲ್, ಅಲ್ಲಿಂದ ಥಂಡರ್‌ಬೋಲ್ಟ್‌ಗೆ (ಲ್ಯಾಪ್‌ಟಾಪಿನ ಅತಿವೇಗದ ಕಿಂಡಿ) ಒಂದು ಅಡಾಪ್ಟರ್, ಹಳೆಯ ಥಂಡರ್‌ಬೋಲ್ಟ್‌ನಿಂದ ಹೊಸದಕ್ಕೆ ಇನ್ನೊಂದು. ಮೂರೂ ಸೇರಿದ ಭಾರಕ್ಕೆ ಕ್ಯಾಮ್‌ಕಾರ್ಡರಿನ ಪುಟ್ಟ ಕಿಂಡಿ ಸಡಿಲವಾದೀತೆಂದು ಅಡಿಗೆ ಪುಸ್ತಕ ಕೊಟ್ಟು ಕೂರಿಸಿದೆ. ಪ್ಲೇ ಒತ್ತಿದ್ದು ಲ್ಯಾಪ್‌ಟಾಪಿನಲ್ಲಿ, ಟೇಪು ತಿರುಗಿದ್ದು ಕ್ಯಾಮ್‌ಕಾರ್ಡರಿನಲ್ಲಿ! ಟೇಪಿನಲ್ಲಿದ್ದ ದತ್ತಾಂಶ ಹಾಗೆಯೇ ಇಳಿಯುತ್ತದೆ, ಚಿತ್ರೀಕರಣದ ದಿನಾಂಕವೂ ಅದರೊಳಗಿರುತ್ತದೆ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಜಾಗ ಸುಮಾರು 13 ಜಿಬಿ. ಚಪ್ಪಾಳೆ ಕೈಯಲ್ಲೇ ಕೇಳಿಸಿತು.

ತೊಡಕಿಲ್ಲವೆಂದಲ್ಲ. ಯುಎಸ್‌ಬಿ-ಸಿ ಆಕಾರದ ಕಿಂಡಿ ಇದ್ದರೆ ಸಾಲದು, ಅದು ಥಂಡರ್‌ಬೋಲ್ಟ್ ಆಗಿರಲೇಬೇಕು. ಮೇಜಿನ ಕಂಪ್ಯೂಟರ್ ಇದ್ದವರು ಒಳಗೆ ಫೈರ್‌ವೈರ್ ಕಾರ್ಡ್ ಹಾಕಿಸಿಕೊಂಡರೆ ಈ ರೈಲಿನ ಅಗತ್ಯವೇ ಇಲ್ಲ. ಮ್ಯಾಕ್ ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ಕಿತ್ತುಹಾಕಿದ್ದಾರೆ. ನನ್ನದು ಮ್ಯಾಕ್. ಹನ್ನೊಂದು ಟೇಪು ಮುಗಿದಿವೆ, ಏಳು ಉಳಿದಿವೆ. ಅಪ್‌ಡೇಟ್ ಮಾಡಿ ಎಂಬ ಸೂಚನೆ ಬಂದಾಗಲೆಲ್ಲ 'ನಂತರ' ಎಂಬುದನ್ನೇ ಒತ್ತುತ್ತಿದ್ದೇನೆ.