ಬೋರ್ಡ್ ಸಿಗಲ್ಲ, ಅದೇ ಮಾಡೆಲ್ ಹೊಸದು ಸಿಗುತ್ತೆ

ಸರ್ವಿಸ್ ಸೆಂಟರ್‌ನ ಹುಡುಗ ನನ್ನ ಡೆಸ್ಕ್‌ಟಾಪಿನ ಮುಚ್ಚಳ ಹಾಕುತ್ತಾ ಹೇಳಿದ, "ಮದರ್‌ಬೋರ್ಡ್ ಹೋಗಿದೆ ಮೇಡಂ. ಈ ಮಾಡೆಲ್‌ಗೆ ಈಗ ಬೋರ್ಡ್ ಬರ್ತಿಲ್ಲ. ಹೊಸದು ತಗೊಂಡ್ಬಿಡಿ."

"ಹೊಸದು ಅಂದ್ರೆ ಈಗ ಯಾವುದಿದೆ?"

ಅವನು ಮಾನಿಟರನ್ನು ನನ್ನ ಕಡೆ ತಿರುಗಿಸಿದ. ಇದೇ ಡಬ್ಬಿ, ಇದೇ ಪ್ರಾಸೆಸರ್. ಫೋಟೊದಲ್ಲಿ ಕೋನ ಕೂಡ ಬದಲಾಗಿರಲಿಲ್ಲ.

"ಅಂದ್ರೆ ಬೋರ್ಡ್ ಮಾತ್ರ ಸಿಗಲ್ಲ, ಬೋರ್ಡ್ ಇರೋ ಇಡೀ ಕಂಪ್ಯೂಟರ್ ಸಿಗುತ್ತೆ, ಅಲ್ವಾ?"

"ಹೌದು ಮೇಡಂ," ಅಂದ. ಅಂದವನಿಗೂ ನಗು ಬಂತು. ಪಾಪ, ಅವನದೇನು ತಪ್ಪು.

ಇದು 2020ರ ಶುರುವಿನ ಮಾತು. 2009ರಿಂದ ಆ ಒಂದೇ ಕಂಪನಿಯ ಕಂಪ್ಯೂಟರ್ ಬಳಸುತ್ತಿದ್ದವಳು ನಾನು. ಹೆಸರು ಹೇಳುವುದಿಲ್ಲ. ಆದರೆ ಆ ಕಂಪನಿಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡನ್ನೂ ಇಷ್ಟು ವರ್ಷ ಬಳಸಿದ ಮೇಲೆ ಒಂದು ರಿವ್ಯೂ ಬರೆಯದೆ ಇರಲು ಆಗುತ್ತಿಲ್ಲ. ತಡವಾಗಿದೆ, ನಿಜ. ಅವರು ಹೊಸ ಮಾಡೆಲ್ ಬಿಟ್ಟಷ್ಟು ತಡವಾಗಿಲ್ಲ.

ನನ್ನ ಕೆಲಸ ಆಡಿಯೊ ಎಡಿಟಿಂಗ್. ಯಾರೋ ಓದಿದ ಪುಸ್ತಕ, ಯಾರೋ ಮಾಡಿದ ಸಂದರ್ಶನ ನನ್ನ ಹತ್ತಿರ ಬರುತ್ತವೆ. ಉಸಿರೆಳೆದ ಸದ್ದು, ಕುರ್ಚಿಯ ಕಿರ್ರು, ತಪ್ಪಿ ಎರಡು ಸಲ ಓದಿದ ಸಾಲು, ಎಲ್ಲ ತೆಗೆದು ಕೊಡಬೇಕು. ಕಂಪ್ಯೂಟರಿಗೆ ಗೇಮ್ ಆಡುವಷ್ಟು ಶಕ್ತಿ ಬೇಕಿಲ್ಲ. ಆದರೆ ತಡವರಿಸಬಾರದು, ಸದ್ದು ಮಾಡಬಾರದು.

2009ರಲ್ಲಿ ತಂದ ಮೊದಲ ಡೆಸ್ಕ್‌ಟಾಪನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಹಿಂದುಗಡೆ ಒಂದೇ ಒಂದು ಸ್ಕ್ರೂ, ಅದೂ ಕೈಯಲ್ಲೇ ತಿರುಗಿಸುವಂಥದ್ದು. ಬಿಚ್ಚಿದರೆ ಪಕ್ಕದ ಬಾಗಿಲು ಕೈಗೆ ಬರುತ್ತಿತ್ತು. ಆ ಬಾಗಿಲಿನ ಒಳಮೈಗೆ ಒಂದು ಚಿತ್ರ ಅಂಟಿಸಿದ್ದರು. ರ‍್ಯಾಮ್ ಇಲ್ಲಿ, ಡಿಸ್ಕ್ ಇಲ್ಲಿ, ಯಾವ ತಂತಿ ಎಲ್ಲಿ ಹೋಗಬೇಕು ಅಂತ. ಅದನ್ನು ನೋಡಿಕೊಂಡೇ ನಾನು ಮೊದಲ ಸಲ ರ‍್ಯಾಮ್ ಹಾಕಿದ್ದು. ಕ್ಲಿಪ್ ಎರಡೂ ಕಡೆ ಟಕ್ ಅಂತ ಕೂತಾಗ ಆದ ಖುಷಿ ಇದೆಯಲ್ಲ, ಅದಕ್ಕೇ ನಾನು ಆ ಕಂಪನಿಗೆ ಮಾರುಹೋಗಿದ್ದು. ಇದನ್ನು ತಯಾರಿಸಿದವರು ಕಂಪ್ಯೂಟರ್ ಬಳಸುವ ಜನ ಅನ್ನಿಸಿತ್ತು.

ಎರಡನೆಯದು 2016ರಲ್ಲಿ. ಇಂಟೆಲ್ ಕೋರ್ ಐ7-6700, 4 ಕೋರ್ (ಒಟ್ಟೊಟ್ಟಿಗೆ ಲೆಕ್ಕ ಮಾಡುವ ಮಿದುಳುಗಳು ಅನ್ನಿ), 16 ಜಿಬಿ ರ‍್ಯಾಮ್. ಆಗಿನ ಕಾಲಕ್ಕೆ ಒಳ್ಳೆಯ ಮಷಿನ್. ಮೂರು ವರ್ಷ ಒಂದು ದಿನವೂ ಕೈ ಕೊಡಲಿಲ್ಲ. ಕೆಲಸ ಜಾಸ್ತಿ ಆಯಿತು, ಇನ್ನೊಂದು ಸ್ವಲ್ಪ ಜೋರಾಗಿರುವುದನ್ನು ತಗೊಳ್ಳೋಣ ಅಂತ 2019ರಲ್ಲಿ ಅವರ ವೆಬ್‌ಸೈಟ್ ತೆಗೆದೆ. ಪಟ್ಟಿಯ ತುದಿಯಲ್ಲಿ, ಅವರ ಅತಿ ಶಕ್ತಿಯುತ ಡೆಸ್ಕ್‌ಟಾಪ್ ಅಂತ ಇದ್ದದ್ದು ಐ7-6700. ನನ್ನ ಮೇಜಿನ ಕೆಳಗಿದ್ದದ್ದೇ. ಬೆಲೆಯೂ ಒಂದಿಷ್ಟೂ ಇಳಿದಿರಲಿಲ್ಲ.

ಅಷ್ಟು ಹೊತ್ತಿಗೆ ಇಂಟೆಲ್ ಎಲ್ಲಿಗೆ ಹೋಗಿತ್ತು ನೋಡಿ. 2017ರ ಅಕ್ಟೋಬರ್‌ನಲ್ಲಿ ಬಂದ ಐ7-8700ರಲ್ಲಿ 6 ಕೋರ್. ಮಾರನೇ ವರ್ಷದ ಐ7-9700ಕೆಯಲ್ಲಿ 8. ಸರಿ, ಪ್ರಾಸೆಸರ್ ಒಂದನ್ನೇ ತಂದು ಹಾಕಿಕೊಳ್ಳೋಣ ಅಂದರೆ ಅದೂ ಆಗದು. ಪ್ರಾಸೆಸರ್ ಕೂರುವ ಸಾಕೆಟ್ಟಿನ ಹೆಸರು ಹಳೆಯದಕ್ಕೂ ಹೊಸದಕ್ಕೂ 1151 ಅಂತಲೇ. ಆದರೆ 8ನೇ ತಲೆಮಾರಿನದ್ದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. ಇದು ಇಂಟೆಲ್ ಮಾಡಿದ ಕಿತಾಪತಿ, ನನ್ನ ಕಂಪನಿಯದ್ದಲ್ಲ. ಬೇರೆ ಬೋರ್ಡ್ ಹಾಕಿಕೊಳ್ಳಲು ಹೋದಾಗ ಗೊತ್ತಾದದ್ದು ಮಾತ್ರ ಪೂರ್ತಿ ಇವರದೇ. ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗುವ ಕನೆಕ್ಟರ್ ಎಲ್ಲರೂ ಬಳಸುವ 24 ಪಿನ್ನಿನದ್ದಲ್ಲ, ಇವರದೇ ಸ್ವಂತ ಆಕಾರ. ಬೋರ್ಡ್ ಕೂರಿಸುವ ತೂತುಗಳೂ ಬೇರೆ ಕಡೆ. ಬಾಗಿಲ ಒಳಗೆ ಚಿತ್ರ ಅಂಟಿಸುತ್ತಿದ್ದವರು ಯಾವಾಗಲೋ ಬಾಗಿಲನ್ನೇ ಮುಚ್ಚಿಬಿಟ್ಟಿದ್ದರು.

ಡೆಸ್ಕ್‌ಟಾಪ್ ಬೇಡ, ಹಳೆಯದರಲ್ಲೇ ಎಳೆಯೋಣ, ಹೊರಗಡೆ ರೆಕಾರ್ಡಿಂಗಿಗೆ ಒಂದು ಲ್ಯಾಪ್‌ಟಾಪ್ ತಗೊಳ್ಳೋಣ ಅಂದುಕೊಂಡೆ. ಅದೂ ಅವರದೇ. ಇಲ್ಲಿ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಡಬ್ಬಿಯ ಮೇಲೆ ಕೋರ್ ಐ5 ಅಂತಿತ್ತು, ನಂಬಿದೆ. ಐ5 ಮುಂದಿನ ಅಂಕಿ ನೋಡಲಿಲ್ಲ. ತಂದ ಎರಡನೇ ವಾರ ಜೊತೆಗೆ ಕೆಲಸ ಮಾಡುವ ಗೆಳತಿ ತನ್ನ ಲ್ಯಾಪ್‌ಟಾಪ್ ತಂದಿದ್ದಳು. ಬೇರೆ ಕಂಪನಿ, ಅದೂ ಐ5, ನನ್ನದಕ್ಕಿಂತ ಒಂದು ವರ್ಷ ಮೊದಲೇ ಕೊಂಡದ್ದು. ಒಂದೇ ಫೈಲ್ ಇಬ್ಬರೂ ಎಕ್ಸ್‌ಪೋರ್ಟ್‌ಗೆ ಹಾಕಿದೆವು. ಅವಳದು ಮುಗಿದು ಅವಳು ಎದ್ದು ಹೋಗಿ ಫೋನಲ್ಲಿ ಮಾತಾಡಿ ಬಂದರೂ ನನ್ನದು ಓಡುತ್ತಲೇ ಇತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ಅಕ್ಕಪಕ್ಕ ಇಟ್ಟು ನೋಡಿದೆವು. ಅವಳ ಪರದೆಯಲ್ಲಿ ಎಂಟು ಚೌಕ, ನನ್ನದರಲ್ಲಿ ನಾಲ್ಕು. ನಾಲ್ಕೂ ತುದಿ ಮುಟ್ಟಿ ನೀಲಿಯಾಗಿದ್ದವು.

ಅವಳದು ಐ5-8250ಯು, 8ನೇ ತಲೆಮಾರಿನದ್ದು. ನನ್ನದು ಐ5-7200ಯು, 7ನೆಯದು. ಒಂದು ಅಂಕಿಯ ವ್ಯತ್ಯಾಸ ಅನ್ನಿಸುತ್ತೆ ಅಲ್ವಾ? ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇದರಷ್ಟು ದೊಡ್ಡ ನೆಗೆತ ಅದಕ್ಕೂ ಮುಂಚೆ ಎಷ್ಟೋ ವರ್ಷ ಆಗಿರಲಿಲ್ಲ. 7200ಯು 2016ರದ್ದು, 2 ಕೋರ್, 4 ಥ್ರೆಡ್ (ಪರದೆಯಲ್ಲಿ ಕಂಡ ಚೌಕಗಳು ಇವೇ). 8250ಯು 2017ರ ಆಗಸ್ಟ್‌ನದ್ದು, 4 ಕೋರ್, 8 ಥ್ರೆಡ್. ಕುಡಿಯುವ ಕರೆಂಟಿನ ಲೆಕ್ಕ ಎರಡಕ್ಕೂ ಅದೇ 15 ವಾಟ್. ಅಂದರೆ 2019ರಲ್ಲಿ ನಾನು ಸೀಲ್ ಒಡೆದು ತೆಗೆದದ್ದು ಮೂರು ವರ್ಷದ ಹಿಂದಿನ ಸರಕು, ಅರ್ಧದಷ್ಟೇ ಕೋರ್, ಪೂರ್ತಿ ಬೆಲೆ.

ಇನ್ನು ಫ್ಯಾನ್. ಇದನ್ನು ಹೇಳಲೇಬೇಕು. ರೆಕಾರ್ಡ್ ಆದದ್ದರಲ್ಲಿ ಹಿಂದೆ ಗುಂಯ್ ಅನ್ನುವ ಸದ್ದಿದ್ದರೆ ನಾಯ್ಸ್ ರಿಡಕ್ಷನ್ ಹಾಕುತ್ತೇವೆ. ಅದು ಭಾರದ ಕೆಲಸ. ಹಾಕಿದ ತಕ್ಷಣ ಎರಡು ಕೋರ್ ಬಿಸಿಯಾಗಿ ಫ್ಯಾನ್ ಏಳುತ್ತಿತ್ತು. ಆ ಸದ್ದು ಪಕ್ಕದ ಮೈಕಿಗೆ ಬೀಳುತ್ತಿತ್ತು. ಮುಂದಿನ ರೆಕಾರ್ಡಿಂಗಿನಲ್ಲಿ ಆ ಫ್ಯಾನಿನ ಸದ್ದು ತೆಗೆಯಲು ಮತ್ತೆ ನಾಯ್ಸ್ ರಿಡಕ್ಷನ್. ಮತ್ತೆ ಫ್ಯಾನ್. ಒಂದು ಸಂಜೆ ಇದೇ ಚಕ್ರದಲ್ಲಿ ಸುತ್ತಿ ಸುತ್ತಿ ಕೊನೆಗೆ ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಟ್ಟು, ಉದ್ದದ ಯುಎಸ್‌ಬಿ ತಂತಿ ಎಳೆದು, ಬಾಗಿಲ ಸಂದಿಯಲ್ಲಿ ತೂರಿಸಿ ಕೆಲಸ ಮುಗಿಸಿದೆ. ಓದುವವರು "ಇನ್ನೊಂದ್ಸಲ ಹೇಳ್ಲಾ?" ಅಂದಾಗಲೆಲ್ಲ ನಾನು ಆ ಕೋಣೆಗೆ ಓಡಬೇಕು.

ಬಫರ್ ಕಥೆಯೂ ಇದೆ. ಬಫರ್ ಅಂದರೆ ಕಂಪ್ಯೂಟರ್ ದನಿಯನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟುಕೊಂಡು ಮುಂದೆ ಕಳಿಸುವ ಜಾಗ. ಓದುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳಿಸಿದರೆ ನಾಲಿಗೆ ತೊಡರುತ್ತದೆ. 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಇಟ್ಟರೆ ಅಲ್ಲಿ ಆಗುವ ತಡ ಸುಮಾರು 2.7 ಮಿಲಿಸೆಕೆಂಡ್, ಗೊತ್ತೇ ಆಗಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ದನಿ ತಿದ್ದುವ ಎರಡು ಪ್ಲಗಿನ್ ಹಾಕಿ 128ಕ್ಕೆ ಇಳಿಸಿದರೆ ದನಿ ಪಟಪಟ ಒಡೆಯುತ್ತಿತ್ತು. 512ಕ್ಕೆ ಏರಿಸಿದರೆ ಒಡೆಯುವುದು ನಿಂತು ತಡ 10 ಮಿಲಿಸೆಕೆಂಡ್ ದಾಟುತ್ತಿತ್ತು. ಅದರ ಮೇಲೆ ಇಂಟರ್‌ಫೇಸಿನ ತಡ ಬೇರೆ.

ಪರದೆ 1366×768. ಟೈಮ್‌ಲೈನಿನಲ್ಲಿ ಆರು ಟ್ರ್ಯಾಕ್ ಕಂಡರೆ ಹೆಚ್ಚು. ರ‍್ಯಾಮ್ 8 ಜಿಬಿ, ಬೋರ್ಡಿಗೇ ಬೆಸುಗೆ, ಖಾಲಿ ಸ್ಲಾಟ್ ಇಲ್ಲ. ಒಳ್ಳೆಯದನ್ನೂ ಹೇಳಬೇಕಲ್ಲ, ಕೀಬೋರ್ಡ್ ಮಾತ್ರ ಬಂಗಾರ. ಅಷ್ಟು ಹಿತವಾದ ಕೀಬೋರ್ಡ್ ಆಮೇಲೆ ಸಿಕ್ಕಿಲ್ಲ. ಹಿಂಜ್ ಆರು ವರ್ಷವಾದರೂ ಸಡಿಲವಾಗಿಲ್ಲ. ಹೊಟ್ಟೆ ಉರಿಯುವುದು ಇದಕ್ಕೇ. ಕೆಲಸ ಗೊತ್ತಿಲ್ಲದವರು ಮಾಡಿದ ಮಷಿನ್ ಅಲ್ಲ ಇದು. ಕೆಲಸ ಗೊತ್ತಿದ್ದವರು ಎದ್ದು ಹೋದ ಮೇಲೂ ಮಾರಾಟಕ್ಕೆ ಉಳಿದುಕೊಂಡ ಮಷಿನ್.

ಎಲ್ಲಿಗೆ ಎದ್ದು ಹೋದರು ಅಂತ ಗೊತ್ತಾಗಲು ಅವರ ವರ್ಷದ ಕಾರ್ಯಕ್ರಮ ನೋಡಿದರೆ ಸಾಕಿತ್ತು. ಪೂರ್ತಿ ಫೋನ್, ವಾಚ್, ಇಯರ್‌ಫೋನ್. ಕಂಪ್ಯೂಟರ್ ಅನ್ನುವ ಪದ ಬಂದದ್ದು ಒಂದು ಸಲ, "ಇದು ನಿಮ್ಮ ಕಂಪ್ಯೂಟರಿನೊಂದಿಗೂ ಹೊಂದಿಕೊಳ್ಳುತ್ತದೆ" ಅಂತ.

ಅವರ ಕಡೆಯಿಂದಲೂ ಯೋಚಿಸಿದ್ದೇನೆ. 2012ರಿಂದ 2018ರ ತನಕ ಜಗತ್ತಿನಾದ್ಯಂತ ಪಿಸಿ ಮಾರಾಟ ವರ್ಷ ವರ್ಷ ಇಳಿಯುತ್ತಲೇ ಇತ್ತು. ಹೊಸ ಚಿಪ್ ಅಂದರೆ ಹೊಸ ಬೋರ್ಡ್, ಹೊಸ ಕೂಲಿಂಗ್, ಮತ್ತೆ ಪರೀಕ್ಷೆ, ಎಲ್ಲಕ್ಕೂ ಖರ್ಚು. ಇಂಟೆಲ್ ಕೂಡ ಚಿಪ್ ತಯಾರಿಕೆಯಲ್ಲಿ ಇನ್ನೂ ಸೂಕ್ಷ್ಮವಾದ 10 ನ್ಯಾನೊಮೀಟರಿಗೆ ಹೋಗಲಾಗದೆ 14ರಲ್ಲೇ ವರ್ಷಗಟ್ಟಲೆ ಒದ್ದಾಡಿತು. ಬರೀ ಮೇಲ್ ನೋಡಿ ಪತ್ರ ಟೈಪ್ ಮಾಡುವವರಿಗೆ 7200ಯು ಸಾಕು. ಎಲ್ಲ ಒಪ್ಪಿದೆ. ಹಳೆಯದನ್ನು ಮಾರಬೇಡಿ ಅಂತ ನಾನು ಹೇಳುತ್ತಲೇ ಇಲ್ಲ. ಹಳೆಯದು ಅಂತ ಹೇಳಿ ಮಾರಿ, ಬೆಲೆ ಇಳಿಸಿ ಮಾರಿ. ಮುಂದಿನದು ಬರುತ್ತೋ ಇಲ್ಲವೋ, ಬಾಯಿ ಬಿಟ್ಟು ಒಂದು ಮಾತು ಹೇಳಿ.

ಆ ಒಂದು ಮಾತು ಅವರಿಂದ ಬರಲೇ ಇಲ್ಲ. ಮೂರು ಸಲ ಫೋನ್ ಮಾಡಿ ಕೇಳಿದೆ. "ಸದ್ಯಕ್ಕೆ ಮಾಹಿತಿ ಇಲ್ಲ ಮೇಡಂ", "ನಿಮ್ಮ ಅಭಿಪ್ರಾಯ ದಾಖಲಿಸಿಕೊಂಡಿದ್ದೇವೆ ಮೇಡಂ". ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮೂರನೇ ಸಲ ಮಾತಾಡಿದಾಕೆ "ನಮ್ಮ ಹೊಸ ಫೋನ್ ನೋಡಿದ್ರಾ?" ಅಂತಲೂ ಕೇಳಿದಳು.

ಈ ಕಾಯಿಲೆ ಇವರೊಬ್ಬರಿಗೇ ಅಂಟಿದ್ದಲ್ಲ. ನನ್ನದು ಆಪಲ್ ಅಲ್ಲ, ಆದರೆ ಅಲ್ಲಿನ ಕಥೆ ಆಗ ಗಮನವಿಟ್ಟು ಓದುತ್ತಿದ್ದೆ. 2013ರ ಡಿಸೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಆ ಕಪ್ಪು ಸಿಲಿಂಡರಿನ ಮ್ಯಾಕ್ ಪ್ರೊಗೆ ನಿಜವಾದ ಉತ್ತರಾಧಿಕಾರಿ ಬಂದದ್ದು 2019ರ ಡಿಸೆಂಬರ್‌ನಲ್ಲಿ. ಮ್ಯಾಕ್ ಮಿನಿ 2014ರ ಅಕ್ಟೋಬರಿನಿಂದ 2018ರ ಅಕ್ಟೋಬರಿನ ತನಕ ಅಲ್ಲಾಡಲಿಲ್ಲ. ಆದರೆ 2017ರ ಏಪ್ರಿಲ್‌ನಲ್ಲಿ ಆಪಲ್‌ನವರು ಕೆಲವು ಪತ್ರಕರ್ತರನ್ನು ಕರೆದು ಕೂರಿಸಿಕೊಂಡು ಒಪ್ಪಿಕೊಂಡರು. ಆ ವಿನ್ಯಾಸದಲ್ಲಿ ಶಾಖದ ವಿಷಯದಲ್ಲಿ ತಾವೇ ಮೂಲೆಗೆ ಸಿಕ್ಕಿಹಾಕಿಕೊಂಡಿದ್ದೇವೆ, ಹೊಸದನ್ನು ಮಾಡುತ್ತಿದ್ದೇವೆ, ಈ ವರ್ಷ ಮಾತ್ರ ಬರಲ್ಲ ಅಂತ. ತಡ ತಡವೇ. ಆದರೂ ಕಾಯುವವರು ಕಾಯಬಹುದಿತ್ತು, ಹೋಗುವವರು ಹೋಗಬಹುದಿತ್ತು. ನಾನು ಕಾಯಲೂ ಇಲ್ಲ, ಹೋಗಲೂ ಇಲ್ಲ. ಸುಮ್ನೆ ವಾರಕ್ಕೊಮ್ಮೆ ನನ್ನ ಕಂಪನಿಯ ವೆಬ್‌ಸೈಟ್ ತೆಗೆದು ಅದೇ ಫೋಟೊ ನೋಡುತ್ತಿದ್ದೆ.

ಕೊನೆಯ ಪೆಟ್ಟು 2021ರಲ್ಲಿ ಬಿತ್ತು. ವಿಂಡೋಸ್ 11 ಬರುತ್ತೆ ಅಂದಾಗ ಮೈಕ್ರೊಸಾಫ್ಟ್‌ನವರ ತಪಾಸಣೆಯ ಆ್ಯಪ್ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಭದ್ರತೆಗೆ ಬೇಕಾದ ಟಿಪಿಎಂ 2.0, ಹಸಿರು ಟಿಕ್. ಸೆಕ್ಯೂರ್ ಬೂಟ್, ಹಸಿರು ಟಿಕ್. ಪ್ರಾಸೆಸರ್, ಇಲ್ಲ. ಇಂಟೆಲ್‌ನಲ್ಲಿ ಬಹುತೇಕ 8ನೇ ತಲೆಮಾರಿನಿಂದ ಈಚೆಗಿನವಕ್ಕೆ ಮಾತ್ರ ಪ್ರವೇಶ. ಅದೇ ಗೆರೆ! ಗೆಳತಿಯ ಹಳೆಯ ಲ್ಯಾಪ್‌ಟಾಪ್ ಆ ಕಡೆ, ಅದಕ್ಕಿಂತ ಆಮೇಲೆ ಕೊಂಡ ನನ್ನದು ಈ ಕಡೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಪಡೆಯುವ ದಾರಿ ಕೊಟ್ಟಿದ್ದಾರೆ, ಆದರೆ ನಾನು ಆ ಗೊಡವೆಗೆ ಹೋಗದೆ ಲಿನಕ್ಸ್ ಹಾಕಿದೆ. ಈಗ ಓದುವವರ ಮುಂದೆ ಸ್ಕ್ರಿಪ್ಟ್ ತೋರಿಸುವ ಕೆಲಸ ಮಾಡುತ್ತಿದೆ. ಫ್ಯಾನ್ ಏಳುವುದಿಲ್ಲ.

ಅಂಕ ಕೊಡಬೇಕಲ್ಲ. ಲ್ಯಾಪ್‌ಟಾಪಿಗೆ ಐದಕ್ಕೆ ಎರಡು, ಎರಡೂ ಕೀಬೋರ್ಡಿಗೆ. ಡೆಸ್ಕ್‌ಟಾಪಿಗೆ 2016ರಲ್ಲಿ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ, 2019ರಲ್ಲಿ ಒಂದು. ಒಂದೇ ಮಷಿನ್ ಅನ್ನುವುದೇ ತೊಂದರೆ. ಸರ್ವಿಸ್ ಸೆಂಟರ್ ಹುಡುಗನಿಗೆ ಐದಕ್ಕೆ ಐದು. ಹೊರಡುವಾಗ ಅವನೇ ಮೆಲ್ಲಗೆ "ಅಸೆಂಬಲ್ ಮಾಡಿಸ್ಕೊಳ್ಳಿ ಮೇಡಂ, 24 ಪಿನ್ ಪವರ್ ಸಪ್ಲೈ ಹಾಕ್ಸಿ" ಅಂದಿದ್ದ.

ಹಾಗೇ ಮಾಡಿದೆ. ಹಳೆಯ ಡೆಸ್ಕ್‌ಟಾಪಿನಿಂದ ಡಿಸ್ಕ್, ರ‍್ಯಾಮ್ ತೆಗೆದುಕೊಂಡೆ. ಖಾಲಿ ಕ್ಯಾಬಿನೆಟ್ ಎಸೆಯಲು ಮನಸ್ಸು ಬರಲಿಲ್ಲ. ಒಳ್ಳೆಯ ದಪ್ಪ ತಗಡು, ಒಳ್ಳೆಯ ಭಾರ. ಮೈಕ್ ಸ್ಟ್ಯಾಂಡ್ ಅಲ್ಲಾಡದ ಹಾಗೆ ಅದರ ಕಾಲಿನ ಮೇಲೆ ಅಡ್ಡ ಮಲಗಿಸಿದ್ದೇನೆ.