ಹುಬ್ಬಳ್ಳಿಯ ಮಕ್ಕಳ ಹೃದಯ ಕ್ಲಿನಿಕ್: ಡಾಕ್ಟರಿಗೆ ಐದು ಸ್ಟಾರ್, ಟೋಕನ್‌ಗೆ ಒಂದು

ಮಗಳಿಗೆ ಮೂರು ವರ್ಷ. ಗದಗಿನ ನಮ್ಮ ಅಂಗನವಾಡಿಗೆ ತಪಾಸಣೆಗೆ ಬಂದ ಡಾಕ್ಟರು ಎದೆಯ ಸದ್ದು ಕೇಳಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದರು. ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದೆವು. ಒಂಬತ್ತಕ್ಕೆ ಟೋಕನ್ ಸಿಕ್ಕಿತು, ಒಳಗೆ ಕರೆದದ್ದು ಒಂದೂವರೆಗೆ! ಕೌಂಟರಿನಲ್ಲಿ ಕೇಳಿದರೆ 'ಕೂಡ್ರಿ' ಅಷ್ಟೇ. ಹಸಿದ ಮಗುವಿಗೆ ಗಿರಮಿಟ್ ತಿನ್ನಿಸೋಕೆ ಆಗುತ್ತಾ?

ಆದರೆ ಡಾಕ್ಟರು ಬಂಗಾರ. ಮಗಳ ಕೈಗೆ ಮೊಬೈಲ್ ಕೊಟ್ಟು, ಅವಳು ಕಾರ್ಟೂನ್ ನೋಡುವಾಗಲೇ ಎಕೋ ಮುಗಿಸಿದರು. ಚೀಟಿಯ ಹಿಂದೆ ಹೃದಯದ ಚಿತ್ರ ಬರೆದರು. ಮಗು ಹೊಟ್ಟೆಯಲ್ಲಿದ್ದಾಗ ಮಹಾಧಮನಿಗೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಒಂದು ಸಣ್ಣ ಕೊಳವೆ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾನಾಗಿ ಮುಚ್ಚಬೇಕು. ಇವಳದು ಮುಚ್ಚಿಲ್ಲ. ಅದಕ್ಕೆ ಪಿಡಿಎ ಅಂತಾರೆ.

ನನ್ನ ಮುಖ ನೋಡಿ, "ಹೆದರಬ್ಯಾಡ್ರಿ ಅಕ್ಕಾರ" ಅಂದು ಹಳೇ ಕಥೆ ಹೇಳಿದರು. 1938ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಅನ್ನೋ ಸರ್ಜನ್ ಒಬ್ಬ ಹುಡುಗಿಯ ಎದೆ ತೆರೆದು ಇದೇ ಕೊಳವೆಯನ್ನು ದಾರದಿಂದ ಕಟ್ಟಿದರಂತೆ. 1967ರಲ್ಲಿ ಜರ್ಮನಿಯ ಡಾಕ್ಟರು ಪೋರ್ಸ್ಟ್‌ಮನ್ ಎದೆ ಕೊಯ್ಯದೆ, ತೊಡೆಯ ಸಂದಿನಿಂದ ತಂತಿ ಹಾಯಿಸಿ ಆ ಕೊಳವೆಗೆ ಬಿರಡೆ ಹಾಕಿದರಂತೆ. ಈಗಿನ ಬಿರಡೆ ನಿಟಿನಾಲ್ (ನಿಕಲ್, ಟೈಟಾನಿಯಂ ಬೆರೆಸಿದ ಲೋಹ) ತಂತಿಯ ಬಲೆ. ಸಪೂರ ನಳಿಗೆಯಲ್ಲಿ ಮಡಚಿ ಕಳಿಸಿದರೆ ಒಳಗೆ ಹೋಗಿ ತನ್ನ ಆಕಾರಕ್ಕೆ ತಾನೇ ಅರಳುತ್ತದೆ. ಇದು ಕೇಳಿ ನಮ್ಮ ಯಜಮಾನರು ಬಾಯಿ ತೆರೆದು ಕೂತರು. ಅವರದು ಗ್ಯಾರೇಜು, ಅಲ್ವಾ!

ಬಿಲ್ ವಿಷಯದಲ್ಲಿ ತಕರಾರಿಲ್ಲ. ಸರ್ಕಾರದ ಬಾಲ ಸ್ವಾಸ್ಥ್ಯ ಯೋಜನೆಯ ಕಾಗದ ಮಾಡಿಸಿ ಅಂತ ಅವರೇ ನೆನಪಿಸಿದರು. ಹೋಗುವವರು ಮಗುವಿಗೆ ಬುತ್ತಿ, ನೀರು ಜಾಸ್ತಿಯೇ ಒಯ್ಯಿರಿ. ನಾವು ಮುಂದಿನ ಬುಧವಾರ ಮತ್ತೆ ಹೋಗುತ್ತೇವೆ, ಮೊದಲ ಬಸ್ಸಿಗೇ.